ತೊಳೆಯಮ್ಮನ ಹೆಪ್ಪು

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಹೆಸರುಕಾಳಿನಲ್ಲಿ ಕಲ್ಲು ಆರಿಸುತ್ತಿದ್ದೆ. ಆಸ್ಪತ್ರೆಯಿಂದ ಅವಳ ಮಗಳು ಫೋನ್ ಮಾಡಿ, "ಮಾಮ, ಅಮ್ಮ ಹೋದ್ಲು" ಎಂದಳು. ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಕಲ್ಲು ಆರಿಸುತ್ತಲೇ ಇದ್ದೆ. ಸುದ್ದಿ ಇನ್ನೂ ಕೈಗೆ ತಲುಪಿರಲಿಲ್ಲ.

ನಾಲ್ಕು ದಿನ ವಾಂತಿಭೇದಿಯಲ್ಲಿ ನರಳಿದ್ದಳು. ನಮ್ಮ ಮೊಳಕೆಕಾಳು ತಿಂದ ಇನ್ನೂ ಒಂಬತ್ತು ಮಂದಿ ಮಲಗಿದ್ದರು. ದೇವರ ದಯೆ, ಅವರೆಲ್ಲ ಎದ್ದರು.

ಮನೆಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ನಾವಿಬ್ಬರೂ ಕಾಳು ನೆನೆಸಿ, ಒದ್ದೆ ಬಟ್ಟೆ ಹೊದಿಸಿ, ಮೊಳಕೆ ಬರಿಸಿ ಮಾರಿದವರು. ಬೀದಿಯವರು ಅಕ್ಕನನ್ನು ತೊಳೆಯಮ್ಮ ಎಂದು ಕರೆಯುತ್ತಿದ್ದರು. ನೀರನ್ನೂ ತೊಳೆದು ಕುಡಿಯುವವಳು ಎಂದು ನಗುತ್ತಿದ್ದರು. ಅಂಥವಳು ಚೆಲ್ಲದೆ ಉಳಿಸುತ್ತಿದ್ದ ನೀರು ಒಂದೇ. ಹಳೆಯ ಕಾಳು ನೆನೆದ ನೀರಿನಲ್ಲಿ ಒಂದು ಲೋಟ ಎತ್ತಿಟ್ಟು ಹೊಸ ಕಾಳಿಗೆ ಸುರಿಯುವಳು. ಅದಕ್ಕೆ ನಮ್ಮಲ್ಲಿ ಹೆಪ್ಪು ಎಂದೇ ಹೆಸರು.

ಆ ಉಪಾಯ ನನ್ನದು. ಮೊದಲ ವರ್ಷ ಚಳಿಗೆ ಕಾಳು ಮೊಳೆಯಲೇ ಇಲ್ಲ. "ಮೊಸರಿಗೆ ಹೆಪ್ಪು ಹಾಕಲ್ವೇನಕ್ಕಾ? ಕಾಳಿಗೂ ಹಾಕಿ ನೋಡು" ಎಂದೆ.

"ಥೂ, ಹಳಸಲು ನೀರು! ನಿನ್ನ ತಲೆಗೆ ಹಾಕ್ತೀನಿ ತಾಳು, ಬುದ್ಧಿಯಾದ್ರೂ ಮೊಳೀಲಿ" ಎಂದು ಬೈದಳು. ಆದರೂ ಹಾಕಿದಳು. ಮರುದಿನವೇ ಮೊಳಕೆ ಬಂತು. ಬಿಸಿಲೇರಿದ್ದರಿಂದಲೂ ಬಂದಿರಬಹುದು, ಆಗ ಯಾರು ಯೋಚಿಸಿದರು?

ಅಕ್ಕ ಆಸ್ಪತ್ರೆಯಲ್ಲಿದ್ದಾಗಲೇ ಆಹಾರ ಪರೀಕ್ಷೆಯವರು ನಮ್ಮ ಕಾಳು ಒಯ್ದಿದ್ದರು. ಅವಳು ಹೋದ ಮೂರನೆಯ ದಿನ ಅವರ ಅಧಿಕಾರಿ ಬಂದಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು. "ತಾತ, ರೋಗಾಣು ನಿಮ್ಮ ಕಾಳಿನ ಚೀಲದಲ್ಲೇ ಸಿಕ್ತು. ಸಿಪ್ಪೆ ಬಿರುಕಲ್ಲಿ ಕೂತಿರುತ್ತೆ. ಒಣಗಿದ್ದಾಗ ಸುಮ್ನಿರುತ್ತೆ. ನೀವು ನೀರು ಕೊಟ್ಟು ಬೆಚ್ಚಗಿಟ್ರೆ ಕಾಳಿಗಿಂತ ಮೊದ್ಲು ಅದೇ ಏಳೋದು" ಎಂದಳು.

"ನಮ್ಮಕ್ಕ ಏಳು ನೀರಲ್ಲಿ ತೊಳೀತಿದ್ಲಮ್ಮ."

"ಎಪ್ಪತ್ತು ನೀರಲ್ಲಿ ತೊಳೆದ್ರೂ ಅಷ್ಟೆ. ಎಳೇ ಬೇರಿಗೆ ಅಂಟಿಕೊಳ್ಳುತ್ತೆ, ಕೆಲವು ಬೇರಿನ ಒಳಕ್ಕೇ ಸೇರುತ್ತೆ. ವಾಸನೆ ಇಲ್ಲ, ರುಚಿ ಕೆಡಲ್ಲ. ನೀರಿಗೆ ಬೇರೇನಾದ್ರೂ ಬೆರೆಸ್ತೀರಾ?"

"ಬರೀ ನೀರು ಮೇಡಂ" ಎಂದಳು ಸೊಸೆ, ಅಂದರೆ ಅಕ್ಕನ ಮಗಳು. ಹುಡುಗಿ ಸುಳ್ಳು ಹೇಳಲಿಲ್ಲ. ಹೆಪ್ಪು ಅವಳ ಲೆಕ್ಕಕ್ಕೆ ನೀರೇ. ನಾನು ತುಟಿ ಬಿಚ್ಚಲಿಲ್ಲ.

ಆ ಚೀಲವನ್ನು ಅವರು ಒಯ್ದರು. ತಟ್ಟೆ, ಬಟ್ಟೆಗಳನ್ನು ಕುದಿಸಿದೆವು. ಹದಿನೈದು ದಿನಕ್ಕೆ ಹೊಸ ಚೀಲ ಪರೀಕ್ಷೆ ಮುಗಿಸಿಕೊಂಡು ಬಂತು, ಅಪ್ಪಣೆಯೂ ಸಿಕ್ಕಿತು. ಸೊಸೆ ಕಾಳು ನೆನೆಸಿದಳು. ಮೊದಲ ಬುಟ್ಟಿಗಳು ಹೆರಿಗೆ ಆಸ್ಪತ್ರೆಗೆ. ಅಲ್ಲಿ ಬಾಣಂತಿಯರಿಗೆ ಬೆಳಗಿನ ತಿಂಡಿಯ ಜೊತೆ ಹಸಿಯಾಗಿಯೇ ಕೊಡುತ್ತಿದ್ದರು.

ಬುಟ್ಟಿ ಹೊರಡುವ ದಿನ ಬೆಳಿಗ್ಗೆ ಅವಳು ಮತ್ತೊಂದು ಪಾತ್ರೆಯಲ್ಲಿ ಕಾಳು ಹಾಕಿ ಅಕ್ಕನ ಲೋಟ ಎತ್ತಿದಳು.

"ಅದೇನೇ?"

"ಅಮ್ಮ ಕೊನೆಗೆ ಎತ್ತಿಟ್ಟ ಹೆಪ್ಪು ಮಾಮ. ಚೆಲ್ಲೋಕೆ ಮನಸ್ಸು ಬರಲಿಲ್ಲ, ಫ್ರಿಜ್ಜಲ್ಲಿಟ್ಟಿದ್ದೆ. ಮೊನ್ನೆ ಈ ಬುಟ್ಟಿಗಳ ಕಾಳಿಗೆ ಅರ್ಧ ಹಾಕಿದೆ." ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ನಾನು ಬಾಗಿಲಿಗೆ ಹೋದೆ, ಬಂದೆ. ಕೈ ತೊಳೆದೆ, ಮತ್ತೆ ತೊಳೆದೆ. ಫ್ರಿಜ್ಜಲ್ಲಿ ತಣ್ಣಗಿತ್ತಲ್ಲ, ರೋಗಾಣು ಸತ್ತಿರಬಹುದು ಎಂದುಕೊಂಡೆ. ಪರೀಕ್ಷೆಯಾದ ಕಾಳಲ್ಲವೇ ಎಂದುಕೊಂಡೆ. ದೇವರ ಹೆಸರು ಹೇಳಲು ಹೋದರೆ ಬಾಣಂತಿಯರೇ ಕಣ್ಣಿಗೆ ಬಂದರು. ಹೇಳಿದರೆ ಈ ಹುಡುಗಿ ನನ್ನ ಮುಖ ನೋಡುತ್ತಾಳೆಯೇ? ನನಗೆ ಉಳಿದವಳು ಅವಳೊಬ್ಬಳೇ.

ಹೊರಗೆ ಗಾಡಿಯವನು ಹಾರ್ನ್ ಒತ್ತಿದ. "ಏನ್ ಯಜಮಾನ್ರೇ, ಕಾಳು ಗಿಡ ಆಗೋವರೆಗೂ ಕಾಯಬೇಕಾ?"

ಸೊಸೆ ಬುಟ್ಟಿ ಎತ್ತಿದಳು. ನಾನು ಅಡ್ಡ ನಿಂತೆ.

"ಇವತ್ತು ಕಾಳಿಲ್ಲ, ಹೋಗಪ್ಪ" ಎಂದೆ ಅವನಿಗೆ. ಆಮೇಲೆ ಅವಳಿಗೆ, "ಇಳಿಸಮ್ಮ. ಆ ಲೋಟದ ನೀರು ಕೆಟ್ಟ ಚೀಲದ್ದು. ರೋಗ ಈಗ ಇದರಲ್ಲೂ ಸೇರಿರುತ್ತೆ" ಎಂದೆ.

ಅವಳ ಮುಖ ಬಿಳಿಚಿತು. "ಅಂದ್ರೆ... ಅಮ್ಮನ ಕೈಯಿಂದಲೇ ಅಮ್ಮನಿಗೆ ಬಂತು ಅಂತೀರಾ?"

"ಅವಳ ಕೈಯಲ್ಲಮ್ಮ. ಹೆಪ್ಪು ಹಾಕು ಅಂತ ಹೇಳಿಕೊಟ್ಟವನು ನಾನು. ಅವಳು ಬೇಡ ಅಂದಿದ್ಲು. ಆ ಮೇಡಂ ಕೇಳಿದಾಗಲೂ ನಾನು ಬಾಯಿ ಮುಚ್ಚಿಕೊಂಡಿದ್ದೆ."

ಅವಳು ನನ್ನನ್ನು ನೋಡಲಿಲ್ಲ. ಬುಟ್ಟಿ ಇಳಿಸಿದಳು. ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ ಮೊಳಕೆಯನ್ನೆಲ್ಲ ಅದಕ್ಕೆ ಸುರಿದಳು. ಲೋಟವನ್ನು ಬಹಳ ಹೊತ್ತು ಹಿಡಿದು ನಿಂತಿದ್ದು, ಕೊನೆಗೆ ನೀರಿನ ಸಮೇತ ಹಂಡೆಗೆ ಬಿಟ್ಟಳು. ಅದು ತಳಕ್ಕೆ ತಾಗಿದ ಸದ್ದಿಗೆ ಅತ್ತಳು.

"ಆ ಮೇಡಂಗೆ ಫೋನ್ ಮಾಡಿ" ಎಂದಳು. "ನೀವೇ ಹೇಳಿ." ಮಾಮ ಎನ್ನಲಿಲ್ಲ.

ನಾನೇ ಹೇಳಿದೆ. ಎಲ್ಲವನ್ನೂ ಹೇಳಿದೆ.

ದೇವರೇ, ನೀರನ್ನೂ ತೊಳೆದು ಕುಡಿಯುತ್ತಿದ್ದ ಒಬ್ಬ ಹೆಂಗಸು ನಿನ್ನ ಬಾಗಿಲಿಗೆ ಬಂದಿದ್ದಾಳೆ. ಒಳಗೆ ಕರೆಯುವ ಮುನ್ನ ಅವಳು ನಿನ್ನ ಹೊಸಿಲನ್ನೂ ತೊಳೆಯಲು ಹೊರಟರೆ ಕೋಪಿಸಿಕೊಳ್ಳಬೇಡ. ತಮ್ಮನ ಮಾತು ನಂಬಿದ್ದೊಂದೇ ಅವಳ ತಪ್ಪು. ಅದನ್ನು ನನ್ನ ಪಾಲಿಗೆ ಹಾಕು. ಅವಳ ಕೈಗಳಿಗೆ ಇನ್ನಾದರೂ ಬಿಡುವು ಕೊಡು. ಅವಳ ಆತ್ಮ ತಣ್ಣಗಿರಲಿ.