ನೇರಳೆ ಅಂಗೈ

“ಬಾಟ್ಲಿಗೆ ಬಾಯಿ ತಾಗಿಸ್ಬೇಡ. ಬೊಗಸೆ ಒಡ್ಡು,” ಎಂದ ಶ್ರೀಹರ್ಷ.

ಹುಲಿಗೆಪ್ಪ ಒಡ್ಡಿದ. ಮೇಲಿನಿಂದ ಬಿದ್ದ ನೀರು ಅಂಗೈಯ ಮಸಿಯೊಡನೆ ಬೆರೆತು ಮೊಣಕೈವರೆಗೆ ಕಪ್ಪಾಗಿ ಇಳಿಯಿತು. ಕೊಪ್ಪಳದ ಸೀಮೆಯಲ್ಲಿ ಹೋಟೆಲಿನ ಹಿಂಬದಿಗೆ ನಿಂತು ಅವನಪ್ಪ ಕುಡಿದದ್ದೂ ಹೀಗೆಯೇ. ಐರ್ಲೆಂಡಿನ ಕ್ಯಾವನ್ ಜಿಲ್ಲೆಯ ಈ ಗುಡ್ಡಕ್ಕೂ ಆ ಪದ್ಧತಿ ವಿಮಾನವೇರಿ ಬಂದೀತೆಂದು ಅವನು ಎಣಿಸಿರಲಿಲ್ಲ.

ಬೆಳಿಗ್ಗೆಯಿಂದ ಅವನು ಬೆಂಕಿ ಬಡಿಯುತ್ತಿದ್ದ. ಉದ್ದ ಕೋಲಿನ ತುದಿಗೆ ರಬ್ಬರಿನ ಹಾಳೆ ಕಟ್ಟಿದ ಬಡಿಗೆ. ಬೀಸಿದರೆ ಕಿಡಿ ಹಾರುತ್ತದೆ, ಉರಿಯ ಮೇಲೆ ಒತ್ತಿ ಎಳೆಯಬೇಕು. ಹಚ್ಚಿದವನೂ ಅವನೇ. ಹಚ್ಚಿಸಿದವನು ಧಣಿ ಮಗೈರ್. ಹುಲಿಗೆಪ್ಪ ದುಡಿಯುವ ಮಾಂಸದ ಕಾರ್ಖಾನೆ ಅವನದು, ಕುರಿಗಳೂ ಅವನವು. ಗುಡ್ಡ ಮಾತ್ರ ಸರ್ಕಾರದ್ದು. ಹಳದಿ ಹೂವಿನ ಮುಳ್ಳುಪೊದೆ ಸುಟ್ಟರೆ ಕುರಿಗೆ ಎಳೆಹುಲ್ಲು ಚಿಗುರುತ್ತದೆ. ಹಕ್ಕಿ ಗೂಡು ಕಟ್ಟುವ ತಿಂಗಳುಗಳಲ್ಲಿ ಹಾಗೆ ಸುಡುವುದಕ್ಕೆ ಕಾನೂನಿನ ತಡೆಯಿತ್ತು. ಹುಲಿಗೆಪ್ಪನಿಗೆ ಅದನ್ನು ಯಾರೂ ಹೇಳಲಿಲ್ಲ. ರಜೆಯ ದಿನ ಅವನನ್ನು ಗುಡ್ಡಕ್ಕೆ ಅಟ್ಟುತ್ತಿದ್ದ ಮೇಲ್ವಿಚಾರಕ ಶ್ರೀಹರ್ಷ ಡೀಸೆಲ್ಲಿನ ತಗಡು ಕ್ಯಾನು ಕೊಟ್ಟು ಸುಡು ಅಂದ, ಇವನು ಸುಟ್ಟ. ಗಾಳಿ ತಿರುಗಿತು. ಉರಿ ಏರು ಹತ್ತಿ ಹಳ್ಳ ಹಾರಿತು.

ಆ ಹಳ್ಳವೇ ಗಡಿ. ಈಚೆ ಐರ್ಲೆಂಡ್, ಆಚೆ ಬ್ರಿಟನ್ನಿನ ಆಳ್ವಿಕೆಯ ಉತ್ತರ ಐರ್ಲೆಂಡ್. ಬೇಲಿಯಿಲ್ಲ, ಕಾವಲಿಲ್ಲ. ಕುರಿ ದಾಟುತ್ತದೆ, ಬೆಂಕಿ ದಾಟುತ್ತದೆ; ಆಚೆಯ ವೀಸಾ ಇಲ್ಲದ ಹುಲಿಗೆಪ್ಪ ದಾಟುವಂತಿಲ್ಲ. ಗುಡ್ಡ ಕಾಯುವ ಸರ್ಕಾರಿ ರೇಂಜರಳ ಜೀಪು ಕೆಳಗೆ ಕಂಡೊಡನೆ ಶ್ರೀಹರ್ಷ ಅವನಿಂದಲೇ ಕ್ಯಾನನ್ನು ಹಳ್ಳದಾಚೆಯ ಜೌಗಿಗೆ ಎಸೆಸಿದ್ದ. ಬೇರೆ ದೇಶಕ್ಕೆ ಹೋಗಿ ಅವಳೇನೂ ಹುಡುಕುವುದಿಲ್ಲವೆಂಬುದು ಅವನ ಲೆಕ್ಕ.

ಉರಿ ತಗ್ಗುವ ಹೊತ್ತಿಗೆ ರೇಂಜರ್ ಮೇಲೆ ಬಂದಳು. ಹಿಂದೆಯೇ ಮಗೈರ್, ಮಸಿ ಸೋಕದ ಬಿಳಿ ಅಂಗಿಯಲ್ಲಿ. ಯಾರು ಹಚ್ಚಿದರೆಂದು ಅವಳು ಕೇಳಿದಳು. ಶ್ರೀಹರ್ಷ ಇಂಗ್ಲಿಷಿನಲ್ಲಿ ನಯವಾಗಿ ಉತ್ತರಿಸಿದ. ಕಾರ್ಖಾನೆಯಲ್ಲಿ ಕೆಲವು ವರ್ಷ ಕಳೆದಿದ್ದ ಹುಲಿಗೆಪ್ಪನಿಗೆ ಅಷ್ಟು ತಿಳಿಯಿತು: ಇವನು ಸೇದಿದ ಸಿಗರೇಟು ಬಿಸಾಡಿದನಂತೆ, ಇವನ ಕಡೆಯ ಜನಕ್ಕೆ ಅದೆಲ್ಲ ಹುಟ್ಟುಗುಣವಂತೆ. ಪಾಪದವನು, ಬಿಟ್ಟುಬಿಡೋಣ ಎಂದು ಮಗೈರ್ ದೊಡ್ಡಮನಸ್ಸು ತೋರಿದ.

“ನಾ ಸೇದಾಂವಲ್ರೀ,” ಎಂದ ಹುಲಿಗೆಪ್ಪ.

“ಬಾಯ್ಮುಚ್ಕೊಂಡು ಹೂಂ ಅನ್ನು,” ಶ್ರೀಹರ್ಷ ಮುಖದ ನಗು ಕೆಡದಂತೆ ಕನ್ನಡದಲ್ಲಿ ಹೇಳಿದ. “ಕೈತಪ್ಪಿ ಆಯ್ತು ಅಂದ್ರೆ ಬೈದು ಬಿಡ್ತಾರೆ, ಎಲ್ಲಾ ಸರಿಹೋಗತ್ತೆ, ಇವ್ರು ಹೇಳೋ ಹಾಗೆ ಗ್ರ್ಯಾಂಡ್. ಧಣಿ ಹೆಸ್ರು ಎತ್ತಿದ್ರೆ ನಿನ್ ಪರ್ಮಿಟ್ ಇವತ್ತೇ ಹೋಗತ್ತೆ. ಊರಿಗ್ ಹೋಗಿ ಸತ್ತ ದನ ಎಳೀತೀಯೇನೋ, ಬೋಳಿಮಗನೇ?”

ಹುಲಿಗೆಪ್ಪ ಕತ್ತು ಹೊರಳಿಸಿದ. ಸುಡದೆ ಉಳಿದ ಬಂಡೆಯ ಮಗ್ಗುಲಲ್ಲಿ ಮಗೈರನ ಕುರಿಗಳು ಒತ್ತೊತ್ತಾಗಿ ನಿಂತಿದ್ದವು. ಗುಡ್ಡದಲ್ಲಿ ಹಿಂಡು ಬೆರೆತಾಗ ಗುರುತಿರಲೆಂದು ಆ ಸೀಮೆಯವರು ಕುರಿಯ ಮೈಗೆ ಬಣ್ಣ ಬಳಿಯುವರು; ಮನೆಗೊಂದು ಬಣ್ಣ. ಮಗೈರನದು ನೇರಳೆ. ಮೊನ್ನೆ ಅದನ್ನು ಬಳಿದವನು ಹುಲಿಗೆಪ್ಪ. ಬಳಿದ ಹಸಿಗೈಯಲ್ಲೇ ಧಣಿಯ ಕೊಟ್ಟಿಗೆಯಲ್ಲಿ ಆ ಡೀಸೆಲ್ ಕ್ಯಾನನ್ನು ಎತ್ತಿಟ್ಟಿದ್ದ.

ಅವನು ಬಡಿಗೆಯನ್ನು ಕೆಳಗಿಟ್ಟು ಹಳ್ಳದ ಕಡೆ ನಡೆದ.

“ಲೇ, ಅದು ಗಡಿ. ದಾಟಿದ್ರೆ ಸತ್ತೆ ನೀನು.”

“ನನ್ ಕೈಲೆ ಒಗಸುವಾಗ ಗಡಿ ಇದ್ದಿದ್ದಿಲ್ಲೇನ್ರೀ?”

ಕಂಡವರು ಹೇಳುವಂತೆ, ಅವನು ಹಳ್ಳದ ನಡುವೆ ಬಗ್ಗಿ, ಬೊಗಸೆ ಒಡ್ಡದೆ, ಹರಿವ ನೀರಿಗೇ ಬಾಯಿಟ್ಟು ಹೊಟ್ಟೆ ತುಂಬ ಕುಡಿದ. ಆಚೆ ದಡ ಹತ್ತಿದಾಗ ಜೇಬಿನ ಫೋನು ಗುಂಯ್‌ಗುಟ್ಟಿತು. ಹೊಸ ದೇಶ ಸಂದೇಶ ಕಳಿಸಿ ಅವನನ್ನು ಸ್ವಾಗತಿಸುತ್ತಿತ್ತು. ಜೌಗಿನಲ್ಲಿ ಅರ್ಧ ಹೂತಿದ್ದ ಕ್ಯಾನನ್ನು ಕಿತ್ತು, ಎಲ್ಲರೂ ನೋಡುತ್ತಿರುವಂತೆ ಮರಳಿ ದಾಟಿ ಬಂದು, ರೇಂಜರಳ ಮುಂದಿಟ್ಟು ಕೆಸರೊರೆಸಿದ. ತಗಡಿನ ಮೇಲೆ ಐದು ಬೆರಳಿನ ನೇರಳೆ ಅಂಗೈ ಒಣಗಿ ಕೂತಿತ್ತು. ಅದರ ಮೇಲೆ ತನ್ನ ಅಂಗೈಯನ್ನು ಸರಿಯಾಗಿ ಹೊಂದಿಸಿಟ್ಟ.

“ಕೈ ನಂದು,” ಎಂದ. ಇನ್ನೊಂದು ಕೈಯನ್ನು ಕುರಿಗಳತ್ತ ಚಾಚಿದ. “ಬಣ್ಣ ಅವಂದು.”

ಅದಕ್ಕೆ ಶ್ರೀಹರ್ಷನ ಭಾಷಾಂತರ ಬೇಕಾಗಲಿಲ್ಲ. ರೇಂಜರ್ ಒಮ್ಮೆ ಕುರಿಗಳನ್ನು, ಒಮ್ಮೆ ಹುಲಿಗೆಪ್ಪನ ತೊಟ್ಟಿಕ್ಕುವ ಪ್ಯಾಂಟನ್ನು ನೋಡಿ, ಸೊಂಟದ ವಾಕಿಟಾಕಿಯನ್ನು ಕೈಗೆತ್ತಿಕೊಂಡಳು.

ಹುಲಿಗೆಪ್ಪ ಅಂಗೈ ತೆಗೆಯಲಿಲ್ಲ.