ನಾಲ್ಕನೆಯ ಬದಿ

ತಪ್ಪಾಯಿತು, ನನ್ನಂಥವಳು ಇದನ್ನು ಮನಸ್ಸಿನೊಳಗೂ ಹೇಳಿಕೊಳ್ಳಬಾರದೇನೋ, ಬಿ.ಎ.ಯನ್ನು ಸಂಜೆ ಕಾಲೇಜಿನಲ್ಲಿ ಆಕಳಿಸುತ್ತ ಮುಗಿಸಿದವಳು, ಮಕ್ಕಳ ತಲೆಗೆ ಲೆಕ್ಕ ಹೇಗೆ ಹತ್ತುತ್ತದೆ ಎಂದು ಮಾತಾಡಲು ನಾನು ಯಾರು — ಅಗೋ ಇನ್ನೊಂದು, ಬಸ್ಸಿನ ಕಿಟಕಿಯಾಚೆ, ಹಿಪ್ಪುನೇರಳೆ ತೋಟದ ನಡುವೆ ಕಪ್ಪು ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಬಿಸಿಲಿಗೆ ಎಣ್ಣೆ ಸವರಿದ ಹಾಗೆ ಮಿಂಚುತ್ತಿದೆ, ಚಿಂತಾಮಣಿ ಬಿಟ್ಟ ಮೇಲೆ ಇದು ಆರನೆಯದು, ಇಷ್ಟು ವರ್ಷ ಇದೇ ರಸ್ತೆಯಲ್ಲಿ ಓಡಾಡಿದರೂ ಒಂದನ್ನೂ ಸರಿಯಾಗಿ ನೋಡಿರಲಿಲ್ಲ, ಅಂಚು ಪೂರಾ ಇಳಿಜಾರು, ಜಾರಿದವರಿಗೆ ಹಿಡಿಯಲು ಒಂದು ಗರಿಕೆಯೂ ಇಲ್ಲ, ಪೇಪರಿನಲ್ಲಿ ಓದಿದ್ದೆನಲ್ಲ, ಇಂಥದ್ದರಲ್ಲೇ ಎರಡು ಮಕ್ಕಳು ಮುಳುಗಿದರು ಎಂದು, ಓದಿಯೂ ಆ ಲೆಕ್ಕ ಬರೆದೆನಲ್ಲ. ಜ್ಯೋತಿಲಕ್ಷ್ಮಿಯ ಮನೆಯ ಹೊಂಡದ ಒಂದು ಬದಿ ಇಪ್ಪತ್ತು ಹೆಜ್ಜೆ. ನಾಲ್ಕು ಬದಿಯೂ ಒಂದೇ ಅಳತೆ. ಒಂದು ಸುತ್ತು ಬಂದರೆ ಎಷ್ಟು ಹೆಜ್ಜೆ? ನನ್ನದೇ ಕೈಬರಹ, ದಪ್ಪ ಅಕ್ಷರ, ಪದಪದದ ನಡುವೆ ಬೆರಳಷ್ಟು ಜಾಗ, ಒತ್ತೊತ್ತಾಗಿ ಬರೆದರೆ ಅವಳಿಗೆ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ. ನನ್ನ ಕ್ಲಾಸಿನ ಹುಡುಗಿ, ಬುಧವಾರ ಸಂಜೆ ಕೊಟ್ಟೆ, ಗುರುವಾರ ಅವಳು ಶಾಲೆಗೆ ಬರಲಿಲ್ಲ, ಇವತ್ತೂ ಬರಲಿಲ್ಲ, ಅವರಪ್ಪ ಗಂಗಾಧರ್ ಫೋನು ಸ್ವಿಚ್ ಆಫ್. ಎರಡು ದಿನ ಬರ್ಲಿಲ್ಲ ಅಂದ್ರೆ ಜ್ವರ ಕಣಮ್ಮಾ ಕವಿತ, ಇಲ್ಲಾ ಮನೇಲಿ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟಕ್ ಬಂದಿರ್ತವೆ, ಮನೆಮಂದಿಯೆಲ್ಲಾ ಅದರ ಹಿಂದೇನೇ, ನೀವ್ಯಾಕೆ ಹಿಂಗ್ ಒದ್ದಾಡ್ತೀರಾ ಅಂದರು ಹೆಡ್‌ಮಾಸ್ಟರ್ ಮಧುಸೂದನ್, ಅವಳಿಗೆ ನಾನು ಏನು ಬರೆದುಕೊಟ್ಟಿದ್ದೇನೆಂದು ಅವರಿಗೆ ಹೇಳಲಿಲ್ಲ, ಹೇಳಬೇಕಿತ್ತು.

ಪುಸ್ತಕದಲ್ಲಿದ್ದದ್ದು ತೋಟ, ಹೊಂಡವಲ್ಲ. ಒಂದು ತೋಟದ ಒಂದು ಬದಿ ಎಂದು ಓದಿದ ಕೂಡಲೇ ಅವಳು, ಯಾರ್ದು ಮಿಸ್ ತೋಟ? ಯಾರದೋ ಕಣಮ್ಮಾ, ನೀನು ಲೆಕ್ಕ ನೋಡು. ಯಾರ್ದೋ ಆದ್ರೆ ಒಳಗ್ ಬಿಡ್ತಾರಾ ಮಿಸ್? ಹಿಂದೊಮ್ಮೆ ರಾಜು ಹನ್ನೆರಡು ಮಾವಿನಹಣ್ಣಿನಲ್ಲಿ ಐದನ್ನು ತಂಗಿಗೆ ಕೊಟ್ಟ ಅಂದರೆ, ಯಾಕ್ ಕೊಟ್ಟ ಮಿಸ್, ಅವ್ನಿಗೇನ್ ತಿನ್ನಕ್ ಬರಲ್ವಾ — ಕ್ಲಾಸೆಲ್ಲ ನಕ್ಕಿತ್ತು, ಅವಳು ನಗಲಿಲ್ಲ, ಅವಳಿಗೆ ನಿಜವಾಗಿಯೂ ಬೇಕಿತ್ತು ಉತ್ತರ. ಆಮೇಲೆ ನಾನೇ ಕಂಡುಕೊಂಡ ದಾರಿ ಇದು, ಯಾವ ತರಬೇತಿಯೂ ಹೇಳಿಕೊಟ್ಟದ್ದಲ್ಲ, ಅವಳ ಹೆಸರು, ಅವಳ ಮನೆ, ಓದಬೇಡ, ಮಾಡಿ ನೋಡು. ಹುಣಸೆಬೀಜ ಕೊಟ್ಟು ಕಳೆ ಅಂದರೆ ಕಳೆದಳು, ಮೊದಲ ಸಲ ಸರಿಯುತ್ತರ ಬಂದ ದಿನ ನಾನು ಸ್ಟಾಫ್‌ರೂಮಿನಲ್ಲಿ ಅತ್ತೆ, ಹೆಮ್ಮೆಪಟ್ಟೆ, ಹೆಮ್ಮೆಯೇ ನನ್ನನ್ನು ಕೆಡಿಸಿತು. ನಡೆದು ಎಣಿಸು, ಒಂದು ಬದಿ ಮುಗಿದರೆ ಮೂಲೆಗೆ ಒಂದು ಕಲ್ಲಿಡು, ಮರೆಯಲ್ಲ, ನಾಲ್ಕು ಕಲ್ಲಾದರೆ ಮುಗಿಯಿತು — ನಾನೇ ಹೇಳಿದ್ದು. ಅಪ್ಪನ ಜೊತೆ ಹೋಗು ಅಂದೆನೇ? ಅಂದಿರಬೇಕು. ಅಂದಿಲ್ಲ.

ಕೆಂಚಾರ್ಲಹಳ್ಳಿ ಇಳೀರಿ ಇಳೀರಿ, ಇಳಿದೆ, ಮಣ್ಣುದಾರಿ, ಅವಳ ಮನೆಯ ಮುಂದೆ ಜನ ಸೇರಿದ್ದಾರಾ, ಇಲ್ಲ, ಜನವಿಲ್ಲ, ಕೋಳಿ, ಜಗಲಿಯ ಮೇಲೆ ಅಜ್ಜಿ ಲಕ್ಷ್ಮೀನರಸಮ್ಮ ಸೊಪ್ಪು ಬಿಡಿಸುತ್ತಿದ್ದಾರೆ, ಸೊಪ್ಪು ಬಿಡಿಸುತ್ತಿದ್ದರೆ ಮನೆಯಲ್ಲಿ ಏನೂ ಆಗಿಲ್ಲ ಅಲ್ಲವೇ. ರಾಮ್ಮಾ, ಕೂಚೋ, ಎಂದು ತೆಲುಗಿನಲ್ಲೇ ಕೂರಲು ಕರೆದು ಮಣೆ ಸರಿಸಿದರು, ಮಗೀಗೆ ಜ್ವರ ಕಣಮ್ಮಾ, ಬುಧವಾರ ಸಂಜೆ ಲಂಗ ಎಲ್ಲಾ ತೊಪ್ಪೆ ಆಗಿ ಬಂದ್ಲು, ನೀರ್ ತೊಟ್ಟೀಲಿ ಆಡವ್ಳೆ ಅಂತ ಎರಡೇಟು ಹಾಕ್ದೆ. ಒಳಗೆ ಕಂಬಳಿಯೊಳಗೆ ಅವಳು, ಉಸಿರಾಡುತ್ತಿದ್ದಾಳೆ, ಕಣ್ಣು ಬಿಟ್ಟಳು, ದೇವರೇ, ನಾನು ಅವಳ ಪಕ್ಕ ನೆಲದ ಮೇಲೇ ಕೂತೆ. ದಿಂಬಿನ ಕೆಳಗಿಂದ ನೋಟ್‌ಬುಕ್ಕು ಎಳೆದು ಕೊಟ್ಟಳು, ಮಾಡಿದೀನಿ ಮಿಸ್. ನನ್ನ ದಪ್ಪ ಅಕ್ಷರದ ಕೆಳಗೆ ಅವಳ ಸೊಟ್ಟ ಅಂಕಿ, ಅರವತ್ತು. ಎಂಬತ್ತಲ್ವೇನಮ್ಮಾ? ಅರವತ್ತೇ ಮಿಸ್, ಅಷ್ಟೇ ನಡ್ದಿದ್ದು. ಇನ್ನೊಂದು ಬದಿ? ಕಂಬಳಿ ಮುಖದ ಮೇಲಕ್ಕೆ ಎಳೆದುಕೊಂಡಳು. ಜಾರಿದೆಯಾ, ಯಾರು ಎತ್ತಿದರು, ಹೇಳಮ್ಮಾ, ಬಯ್ಯಲ್ಲ — ನೋಟ್‌ಬುಕ್ಕು ಹಿಡಿದುಕೊಂಡೇ ಎದ್ದೆ.

ಹಿತ್ತಿಲ ಬಾಗಿಲು, ಹುಲ್ಲಿನ ಮೆದೆ, ತಂತಿಬೇಲಿ ಒಂದು ಕಡೆ ನೆಲಕ್ಕೆ ಬಾಗಿದೆ, ಅದರಾಚೆ ಹೊಂಡ, ನೀರು ಕದಲದೆ ಆಕಾಶ ಹೊತ್ತು ಮಲಗಿದೆ, ಒಂದು ಮೂಲೆಯಲ್ಲಿ ಕಲ್ಲು, ಇನ್ನೊಂದರಲ್ಲಿ ಕಲ್ಲು, ಮೂರನೆಯದರಲ್ಲಿ ಕಲ್ಲು, ಅಲ್ಲಿಂದ ಮುಂದಿನ ಬದಿಯಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಒಣಗಿದ ಕೆಸರಿನ ಉದ್ದ ಗೀರು, ನಾಯಿ ಇಳಿದದ್ದೂ ಇರಬಹುದು. ನೋಟ್‌ಬುಕ್ಕು ನನ್ನ ಕೈಯಲ್ಲೇ ಇದೆ, ಕೆಂಪು ಪೆನ್ನು ಬ್ಯಾಗಿನಲ್ಲಿದೆ, ಅರವತ್ತಕ್ಕೆ ಸರಿ ಹಾಕಬೇಕೋ ತಪ್ಪು ಹಾಕಬೇಕೋ, ಅವಳು ಒಂದು ಬದಿ ಎಣಿಸಲು ಮರೆತಳೋ, ಬೇಸತ್ತು ತೊಟ್ಟಿಯಲ್ಲಿ ಆಡಲು ಹೋದಳೋ, ಅಥವಾ ಆ ಗೀರಿನ ಜಾಗದಿಂದ ಒಬ್ಬಳೇ ಮೇಲೆ ಹತ್ತಿ ಬಂದಳೋ — ನನಗೆ ಗೊತ್ತಿಲ್ಲ, ಇಲ್ಲಿ ಮೂರು ಕಲ್ಲುಗಳಿವೆ, ನಾಲ್ಕನೆಯ ಮೂಲೆ ಖಾಲಿ.