ಮೇಲೆ ಒಣಗಿದರೆ ಕೆಳಗೂ ಒಣಗಬೇಕು

ಆ ಕಟ್ಟಡದಲ್ಲಿ ಎಲ್ಲರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ಹೆಸರಿನ ಹಿಂದೆ ಮುಂದೆ ಪದವಿಗಳನ್ನು ಕಟ್ಟಿಕೊಂಡ ವಿಜ್ಞಾನಿಗಳ ನಡುವೆ ಕಾಲೇಜಿನ ಮೆಟ್ಟಿಲನ್ನೇ ಹತ್ತದವರು ಅವರೊಬ್ಬರೇ. ಮೂವತ್ತು ವರ್ಷ ನರ್ಸರಿಯಲ್ಲಿ ಸಸಿ ಬೆಳೆಸಿದ ಕೈ. ಎಲೆಯ ಬೆನ್ನು ಸವರಿದರೆ ಸಾಕು, ಗಿಡಕ್ಕೆ ಬಾಯಾರಿದೆಯೋ ಬೇರು ಕೊಳೆತಿದೆಯೋ ಹೇಳಬಲ್ಲರು. ಇದನ್ನು ಕೇಳಿಯೇ ವಿಭಾಗದ ಮುಖ್ಯಸ್ಥೆ ಅವರನ್ನು ಹುಡುಕಿಕೊಂಡು ಹೋಗಿ ಕರೆತಂದಿದ್ದರು. ಮಾವ ಆಕೆಯನ್ನು ಮೇಡಂ ಎನ್ನುತ್ತಿದ್ದರು. ಇಬ್ಬರಲ್ಲಿ ಯಾರು ಯಾರಿಗೆ ಹೆದರುತ್ತಿದ್ದರು ಎಂಬುದು ಮಾತ್ರ ಅಲ್ಲಿ ಯಾರಿಗೂ ಬಗೆಹರಿದಿರಲಿಲ್ಲ.

ಮಾವನ ಕೆಲಸ ಒಂದು ಬಿಳಿ ಪೆಟ್ಟಿಗೆಯನ್ನು ನೋಡಿಕೊಳ್ಳುವುದು. ಮನೆಯ ಫ್ರಿಜ್ಜಿನಷ್ಟು ಎತ್ತರ, ಒಳಗೆ ಗುಲಾಬಿ ಬಣ್ಣದ ದೀಪ, ಆರು ಬಟ್ಟೆಯ ಚೀಲಗಳಲ್ಲಿ ಆರು ಸಾಸಿವೆ ಸೊಪ್ಪಿನ ಗಿಡ. ಇದರ ಅವಳಿ ಪೆಟ್ಟಿಗೆ ಭೂಮಿಯನ್ನು ಸುತ್ತುತ್ತಿದ್ದ ಬಾಹ್ಯಾಕಾಶ ನಿಲ್ದಾಣದಲ್ಲಿತ್ತು. ಅಲ್ಲಿದ್ದ ಐದು ಮಂದಿ ಏಳು ತಿಂಗಳಿಂದ ಪೊಟ್ಟಣದ ಊಟ ತಿನ್ನುತ್ತಿದ್ದರು. ಪೊಟ್ಟಣ ಹಳೆಯದಾದಂತೆಲ್ಲ ಅದರ ವಿಟಮಿನ್ನು ಸೋರಿಹೋಗುತ್ತದೆ, ನಾಲಿಗೆಯೂ ಜಡ್ಡುಗಟ್ಟುತ್ತದೆ. ಅದಕ್ಕೇ ಈ ತಾಜಾ ಸೊಪ್ಪಿನ ಏರ್ಪಾಡು. ಇಪ್ಪತ್ತೆಂಟನೆಯ ದಿನ ಅವರು ಅದನ್ನು ಕಿತ್ತು ತಿನ್ನಬೇಕಿತ್ತು.

ನಿಯಮ ಒಂದೇ. ಮೇಲೆ ಏನಾಗುತ್ತದೋ, ಎರಡು ದಿನ ಬಿಟ್ಟು ಕೆಳಗೂ ಅದೇ ಆಗಬೇಕು. ಅಲ್ಲಿ ಸೆಕೆಯಾದರೆ ಇಲ್ಲೂ ಸೆಕೆ, ಅಲ್ಲಿ ಒಂದು ಸಿರಿಂಜ್ ನೀರಾದರೆ ಇಲ್ಲೂ ಒಂದೇ. ಹಾಗಿದ್ದರೆ ಮಾತ್ರ ಎರಡರ ನಡುವೆ ಕಾಣುವ ವ್ಯತ್ಯಾಸಕ್ಕೆ ಬಾಹ್ಯಾಕಾಶವೇ ಕಾರಣ ಎಂದು ಹೇಳಬಹುದು.

ಮೇಲಿನ ಗಿಡಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿಯ ಮೇಲೆ ಮಾವನಿಗೆ ಬಲು ಅಭಿಮಾನ. ಅವಳು ಎಂಜಿನಿಯರ್. ಕಾಲನ್ನು ಒಂದು ಸರಳಿಗೆ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಚೀಲದ ಬಾಯಿಗೆ ಸಿರಿಂಜ್ ಹಿಡಿಯುವುದನ್ನು ಅವರು ಪರದೆಯ ಮೇಲೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಒಂದು ಹನಿ ತಪ್ಪಿದರೂ ಗುಂಡಗೆ ತೇಲಿಹೋಗುತ್ತಿತ್ತು. ನೀರಿಗೆ ಕೆಳಗಿಳಿಯುವುದೇ ಗೊತ್ತಿಲ್ಲದ ಕಡೆ ಗಿಡ ಬೆಳೆಸುವವರ ಮುಂದೆ ತನ್ನ ಮೂವತ್ತು ವರ್ಷ ಯಾವ ಲೆಕ್ಕ ಎಂದು ಹೆಂಡತಿಯ ಹತ್ತಿರ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅವರ ಹೆಂಡತಿ ಅದನ್ನು ಇಪ್ಪತ್ತು ಸಲ ಕೇಳಿ, ಇಪ್ಪತ್ತೊಂದನೆಯ ಸಲ ಎದ್ದು ಅಡುಗೆಮನೆಗೆ ಹೋದರು.

ಹದಿನಾರನೆಯ ದಿನ ಮೇಲೆ ಗಾಳಿ ಶುದ್ಧಮಾಡುವ ಪಂಪು ಕೆಟ್ಟಿತು. ಉಸಿರಿನ ಪ್ರಶ್ನೆ. ನಾಲ್ಕು ದಿನ ಎಲ್ಲರೂ ಅದರಲ್ಲೇ ಮುಳುಗಿದರು, ಗಿಡಗಳಿಗೆ ನೀರಿಲ್ಲ. ಎರಡು ದಿನದ ಮೇಲೆ ಮಾವನಿಗೂ ಆಜ್ಞೆ ಬಂತು: ನಾಲ್ಕು ದಿನ ನೀರು ಬಂದ್.

ಮೊದಲ ದಿನ ಮಾವ ಸುಮ್ಮನಿದ್ದರು. ಎರಡನೆಯ ದಿನ ಪೆಟ್ಟಿಗೆಗೆ ಬೆನ್ನು ಹಾಕಿ ಕೂತರು. ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಒಮ್ಮೆ ತಿರುಗಿ ನೋಡಿದರು. ಆರೂ ಗಿಡಗಳು ಕತ್ತು ಚೆಲ್ಲಿ ಬಿದ್ದಿದ್ದವು. ಒಂದೊಂದಕ್ಕೆ ಒಂದೊಂದು ಸಿರಿಂಜ್ ನೀರು ಕೊಟ್ಟು, ದಿನಚರಿಯಲ್ಲಿ ‘ನೀರು ಇಲ್ಲ’ ಎಂದು ಬರೆದುಬಿಟ್ಟರು. ಸಂಜೆಗೆ ಎಲೆಗಳು ಎದ್ದು ನಿಂತಾಗ ಅವರಿಗೆ ಸಂತೋಷವೇ ಆಯಿತು.

ಇಪ್ಪತ್ತಾರನೆಯ ದಿನ ಸಭೆ ಸೇರಿತು. ಎಲೆಗಳ ಅಳತೆ ಹೇಳಲು ಮಾವನನ್ನೂ ಕೂರಿಸಿದ್ದರು. ಪರದೆಯ ಮೇಲೆ ಎರಡು ಚಿತ್ರ. ಕೆಳಗಿನ ಗಿಡಗಳು ನಳನಳಿಸುತ್ತಿದ್ದವು. ಮೇಲಿನವು ಗಿಡ್ಡ, ಎಲೆಯಂಚು ಕಂದು. ಗಗನಯಾತ್ರಿಗಳ ಆರೋಗ್ಯ ನೋಡಿಕೊಳ್ಳುವ ಡಾಕ್ಟರ್ ಹೇಳಿದ್ದರಲ್ಲಿ, ದಿನಚರಿಯನ್ನು ನಂಬುವುದಾದರೆ, ಎಳ್ಳಷ್ಟೂ ತಪ್ಪಿರಲಿಲ್ಲ. ಎರಡಕ್ಕೂ ಒಂದೇ ಬಾಯಾರಿಕೆ. ಇವು ಚೆನ್ನಾಗಿವೆ, ಅವು ಸೊರಗಿವೆ ಎಂದರೆ ಕಾರಣ ನೀರಲ್ಲ, ಬೇರಿಗೆ ಬೂಷ್ಟು ಹಿಡಿದಿರಬೇಕು. ಯಾವ ಬೂಷ್ಟೋ ಏನೋ, ಅದನ್ನು ಐದು ಜನರ ಹೊಟ್ಟೆಗೆ ಕಳಿಸಲಾಗದು. ಎಲ್ಲವನ್ನೂ ಕಿತ್ತು, ಚೀಲದಲ್ಲಿ ಮುಚ್ಚಿ, ಕಸಕ್ಕೆ ಹಾಕಬೇಕು. ಒಂದು ಗಂಟೆಯೊಳಗೆ ಸಂದೇಶ ಹೋಗುವುದಿತ್ತು.

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಆ ಹುಡುಗಿ ತಿಂಗಳು ಸಾಕಿದ ಗಿಡಗಳನ್ನು ತನ್ನ ಕೈಯಾರೆ ಕಸಕ್ಕೆ ಹಾಕುತ್ತಾಳೆ. ಮಾವ ಎದ್ದು ನಿಂತರು.

“ಮೇಡಂ, ಮೇಲಿನ ಗಿಡ ಸರಿಯಾಗೇ ಇದೆ. ಮೋಸ ಆಗಿರೋದು ಕೆಳಗೆ. ಮೂರನೇ ದಿನ ನಾನು ನೀರು ಕೊಟ್ಟುಬಿಟ್ಟೆ. ಪುಸ್ತಕದಲ್ಲಿ ಸುಳ್ಳು ಬರೆದೆ.”

ತುಂಬಿದ ಸಭೆಯಲ್ಲಿ ತನ್ನ ತಪ್ಪನ್ನು ಹೀಗೆ ನೇರವಾಗಿ ಒಪ್ಪಿಕೊಳ್ಳುವ ಎದೆಗಾರಿಕೆ ಎಷ್ಟು ಜನಕ್ಕಿದೆ ಹೇಳಿ. ನನಗಂತೂ ಇಲ್ಲ. ಮೇಡಂ ಎಷ್ಟು ನೀರು ಎಂದಷ್ಟೇ ಕೇಳಿ ಬರೆದುಕೊಂಡರು. ಆಮೇಲೆ ಸಂದೇಶವನ್ನು ತಡೆದರು. ಪಕ್ಕದ ಕೋಣೆಯಲ್ಲಿ ಹತ್ತು ದಿನ ತಡವಾಗಿ ಬಿತ್ತಿದ ಇನ್ನೊಂದು ಪೆಟ್ಟಿಗೆ ಇತ್ತು, ಪಂಪು ಕೆಟ್ಟಾಗ ಮೇಲಿನವಕ್ಕೆ ಎಷ್ಟಿತ್ತೋ ಅದರ ಗಿಡಗಳಿಗೆ ಈಗ ಸರಿಯಾಗಿ ಅದೇ ವಯಸ್ಸು. ಅವನ್ನು ನಾಲ್ಕು ದಿನ ಒಣಗಿಸಿ ನೋಡೋಣ, ಅಲ್ಲಿಯವರೆಗೆ ಮೇಲಿನವರು ಕಾಯಲಿ ಎಂದು ತೀರ್ಮಾನಿಸಿದರು. ಗಿಡಗಳ ಕಾವಲಿಗೆ ಯಾರು ಎಂದು ಡಾಕ್ಟರ್ ಕೇಳಿದರು. ಮಾವನೇ ಎಂದಾಗ ಅವರ ಹುಬ್ಬು ಮೇಲೇರಿತು.

“ಗಿಡಕ್ಕೆ ಎಷ್ಟು ಕಷ್ಟ ಆಗ್ತಿದೆ ಅಂತ ಸರಿಯಾಗಿ ಗೊತ್ತಾಗೋದು ಇವರೊಬ್ಬರಿಗೇ,” ಎಂದರು ಮೇಡಂ. “ಇವರೇ ಕೂತು ನೋಡಿ ಬರೀಲಿ.”

ಇದು ಶಿಕ್ಷೆಯೋ ನಂಬಿಕೆಯೋ ಮಾವನಿಗೆ ತಿಳಿಯಲಿಲ್ಲ. ನಾಲ್ಕು ದಿನ ಪೆಟ್ಟಿಗೆಯ ಮುಂದೆ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತರು. ಯಾವ ಎಲೆ ಮೊದಲು ಮಂಕಾಯಿತು, ಯಾವ ಕಾಂಡ ಯಾವ ಕಡೆಗೆ ವಾಲಿತು, ಎಲ್ಲವನ್ನೂ ಗಂಟೆಗೊಮ್ಮೆ ಬರೆದರು. ಈ ಸಲ ಕಣ್ಣು ತಪ್ಪಿಸಲಿಲ್ಲ. ಊಟದ ಡಬ್ಬಿ ಮುಟ್ಟದೆ ವಾಪಸು ಬರುವುದನ್ನು ನೋಡಿ, “ಗಿಡ ಉಪವಾಸ ಅಂತ ನೀವೂ ಉಪವಾಸನಾ?” ಎಂದು ಹೆಂಡತಿ ಕೇಳಿದರು. ಮರುದಿನ ಅವರೇ ಜೊತೆಗೆ ಬಂದು, ಗಾಜಿನ ಬಾಗಿಲಿನಾಚೆ ಕೂರಿಸಿ ಉಣ್ಣಿಸಿ ಹೋದರು.

ಐದನೆಯ ದಿನ ನೀರು ಕೊಟ್ಟರು. ಗಿಡಗಳು ಎದ್ದವು. ಆದರೆ ವಾರದೊಳಗೆ ಅಂಚು ಕಂದಾಯಿತು, ಗಿಡ ಗಿಡ್ಡವಾಗೇ ಉಳಿಯಿತು, ಮೇಲಿನ ಚಿತ್ರಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಈ ಗಿಡಗಳ ಬೇರನ್ನು ಪರೀಕ್ಷೆಗೆ ಕಳಿಸಿದರು, ಬೂಷ್ಟಿನ ಸುಳಿವೇ ಇರಲಿಲ್ಲ. ಅಂದರೆ ಮೇಲಿನವು ಸೊರಗಿದ್ದೂ ಬಾಯಾರಿಕೆಯಿಂದಲೇ. ಎಲೆ ಒರೆಸಿ ತಿನ್ನಬಹುದು ಎಂದು ಡಾಕ್ಟರೇ ಬರೆದು ಸಹಿ ಹಾಕಿದರು. ಮಾವನ ವರದಿ ಹಾಗಿರಲಿ, ಅಷ್ಟು ಬಳಲಿದ ಮೇಲೂ ಆ ಗಿಡ ತಿನ್ನುವಷ್ಟು ಸೊಪ್ಪು ಬಿಟ್ಟಿತಲ್ಲ, ಮೆಚ್ಚಬೇಕಾದದ್ದು ಅದನ್ನು.

ಕೊಯ್ಲಿನ ದಿನ ಎಲ್ಲರೂ ಪರದೆಯ ಮುಂದೆ ಸೇರಿದರು. ಎಂಜಿನಿಯರ್ ಹುಡುಗಿ ಒಂದು ಎಲೆಯನ್ನು ಕಿತ್ತು, ಒರೆಸಿ, ಮೊದಲು ಮೂಸಿದಳು, ಆಮೇಲೆ ಬಾಯಿಗಿಟ್ಟಳು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ಸ್ವಲ್ಪ ಕಹಿ, ಆದರೆ ಇಷ್ಟು ತಿಂಗಳಲ್ಲಿ ಇಂಥ ರುಚಿಯಾದದ್ದು ತಿಂದಿಲ್ಲ ಎಂದಳು. ನಡೆದದ್ದೆಲ್ಲ ಮೇಡಂ ಅವಳಿಗೆ ಮೊದಲೇ ಹೇಳಿದ್ದರು. ಅವಳು ಮಾವ ಎಲ್ಲಿ ಎಂದು ಕೇಳಿದಳು. ಹಿಂದಿನ ಸಾಲಿನಲ್ಲಿ ಅಡಗಿದ್ದವರನ್ನು ಎಬ್ಬಿಸಿ ಮುಂದೆ ತಳ್ಳಿದರು.

“ನಾಲ್ಕು ದಿನ ನೀರಿಲ್ಲದೆ ಬಿಟ್ಟೆನಲ್ಲ ಮಾವ. ನನ್ನ ಮೇಲೆ ಕೋಪ ಬಂದಿತ್ತಾ?”

ಇಲ್ಲ ಎಂದುಬಿಡಬಹುದಿತ್ತು, ಅದನ್ನೇ ಎಲ್ಲರೂ ನಿರೀಕ್ಷಿಸಿದ್ದರು.

“ಬಂದಿತ್ತಮ್ಮ,” ಎಂದರು ಮಾವ. “ಆಮೇಲೆ ನಾನೇ ನಾಲ್ಕು ದಿನ ಕೂತು ಒಣಗಿಸಿದೆ ನೋಡು, ಆಗ ಗೊತ್ತಾಯ್ತು ನಿನಗೆ ಹೇಗಾಗಿರಬೇಕು ಅಂತ. ತಿನ್ನು ತಾಯಿ, ಇನ್ನೊಂದೆಲೆ ತಗೋ.”